ಎರಡು ಮುಕ್ತ ಪರವಾನಗಿಗಳ ನಡುವೆ

ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಹಂಚಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ದತ್ತಾಂಶ ಕೆಡದಂತೆ ಕಾಯುವ ಜಡ್‌ಎಫ್‌ಎಸ್ ಕಡತ ವ್ಯವಸ್ಥೆಯ ವಿವಾದ ಅದನ್ನು ಸುಳ್ಳಾಗಿಸುತ್ತದೆ. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ಇದನ್ನು ಸಿಡಿಡಿಎಲ್ ಪರವಾನಗಿಯಡಿ ಬಿಡುಗಡೆ ಮಾಡಿತು. ಲಿನಕ್ಸ್ ಕರ್ನೆಲ್‌ನದು ಜಿಪಿಎಲ್. ಎರಡೂ ಮುಕ್ತವೇ. ಆದರೆ ಬೆಸೆದ ಇಡೀ ಕೃತಿ ತನಗೊಳಪಡಬೇಕೆಂಬುದು ಜಿಪಿಎಲ್ ಷರತ್ತು. ತನ್ನ ಕಡತಗಳು ತನ್ನಡಿಯಲ್ಲೇ ಉಳಿಯಬೇಕೆಂಬುದು ಸಿಡಿಡಿಎಲ್ ಷರತ್ತು. ಎರಡು ಇಲಾಖೆಗಳ ಸುತ್ತೋಲೆಗಳ ನಡುವೆ ಸಿಲುಕಿದ ಅರ್ಜಿಯ ಪಾಡು ಬಲ್ಲವರಿಗೆ ಇದು ಅಪರಿಚಿತವಲ್ಲ.

ಸ್ವಯಂಸೇವಕರು ನಡೆಸುವ ಡೆಬಿಯನ್, ಮೂಲಸಂಕೇತವನ್ನಷ್ಟೇ ಕೊಟ್ಟು ಜೋಡಣೆಯನ್ನು ಬಳಕೆದಾರರ ಯಂತ್ರಕ್ಕೆ ಬಿಟ್ಟಿದೆ. ಉಬುಂಟುವಿನ ಕೆನಾನಿಕಲ್ ಕಂಪನಿ 2016ರಲ್ಲಿ ಸಿದ್ಧರೂಪದಲ್ಲೇ ಹಂಚಿತು. ಅದು ಜಿಪಿಎಲ್ ಉಲ್ಲಂಘನೆಯೆಂದು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಆಕ್ಷೇಪಿಸಿತು, ಕಂಪನಿ ಒಪ್ಪಲಿಲ್ಲ. ವಕೀಲರನ್ನು ಇಟ್ಟುಕೊಳ್ಳಬಲ್ಲವರಿಗೊಂದು, ಉಳಿದವರಿಗೊಂದು ಸ್ವಾತಂತ್ರ್ಯವೆಂದಾಗುವುದು ಸರಿಯಲ್ಲ.

ಸನ್ 2010ರಲ್ಲಿ ಒರಾಕಲ್ ಪಾಲಾಯಿತು. ಒರಾಕಲ್‌ನ ಸಹಿಯುಳ್ಳ ಅಧಿಕೃತ ಪತ್ರವಿಲ್ಲದೆ ಇದನ್ನು ಲಿನಕ್ಸ್‌ಗೆ ಸೇರಿಸಿಕೊಳ್ಳಲಾರೆನೆಂದು 2020ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೇಳಿದ್ದು ಅತಿ ಎಚ್ಚರಿಕೆಯೇನಲ್ಲ. ಸನ್ ಬರೆದ ಮೂಲ ಭಾಗವನ್ನು ಜಿಪಿಎಲ್ ಅಡಿಯಲ್ಲೂ ಕೊಟ್ಟರೆ ಒರಾಕಲ್‌ಗೆ ಆಗುವ ನಷ್ಟ ಅತ್ಯಲ್ಪ. ಕೊಡದಿರುವುದರ ಶ್ರಮವನ್ನು ಡೆಬಿಯನ್ ಬಳಕೆದಾರರ ಯಂತ್ರಗಳು ಪ್ರತಿ ಬಾರಿ ಕರ್ನೆಲ್ ಬದಲಾದಾಗಲೂ ಹೊರುತ್ತಿವೆ.