ಹೊಸ ಯಂತ್ರಕ್ಕೂ ಹದ ಬೇಕು: ಕಾಫಿ ಸೀಮೆಯ ವರ್ತಕರಿಗೊಂದು ವಿಚಾರ

ಮಲೆನಾಡಿನ ರೈತನು ಸಂತೆಯಲ್ಲಿ ಕೊಂಡ ಹೊಸ ಕತ್ತಿಯನ್ನು ನೇರವಾಗಿ ತೋಟಕ್ಕೆ ಒಯ್ಯುವುದು ಅಪರೂಪ. ಅದನ್ನು ಕುಲುಮೆಗೆ ಕೊಟ್ಟು ಬಾಯಿ ತಟ್ಟಿಸಿ, ಸಾಣೆ ಹಿಡಿಸಿ, ತನ್ನ ಕೈಗೆ ಒಪ್ಪುವ ಹಿಡಿಯನ್ನು ಹಾಕಿಸಿದ ನಂತರವೇ ಅದು ಕೆಲಸಕ್ಕೆ ಬಂದಿತೆಂದು ಭಾವಿಸುತ್ತಾನೆ. ಆದರೆ ಕತ್ತಿಯ ನೂರಾರು ಪಟ್ಟು ಬೆಲೆ ಬಾಳುವ ಪಲ್ಪರ್ ಯಂತ್ರವನ್ನು ಕೊಂಡಾಗ ಈ ಎಚ್ಚರಿಕೆ ಕಾಣುವುದಿಲ್ಲ. ಯಂತ್ರ ಲಾರಿಯಿಂದ ಇಳಿಯುತ್ತದೆ, ಸಿಮೆಂಟು ಕಟ್ಟೆಯ ಮೇಲೆ ಕೂರುತ್ತದೆ, ಹಣ್ಣು ಕೊಯ್ದ ಮೊದಲ ದಿನವೇ ಓಡಲಾರಂಭಿಸುತ್ತದೆ. ಹೊಸದು ಎಂಬ ಒಂದೇ ಕಾರಣಕ್ಕೆ ಅದು ಸರಿಯಾಗಿದೆಯೆಂದು ಕೊಂಡವರೂ ಮಾರಿದವರೂ ನಂಬುತ್ತಾರೆ. ಈ ನಂಬಿಕೆಯ ಬೆಲೆಯನ್ನು ಕೊನೆಗೆ ತೆರುವುದು ಬೆಳೆ. ಬೆಳೆಗಾರನ ವಿಶ್ವಾಸ ಹೋದರೆ ವರ್ತಕನೂ ತೆರಬೇಕಾಗುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗಗಳಲ್ಲಿ ತೋಟದ ಯಂತ್ರೋಪಕರಣಗಳನ್ನು ಮಾರುವ ಮತ್ತು ತಯಾರಿಸುವ ವರ್ಗವು ಈಗ ಗಂಭೀರವಾಗಿ ಯೋಚಿಸಬೇಕಾದ ಸಂಗತಿ ಇದು. ಪೆಟ್ಟಿಗೆಯಲ್ಲಿ ಬಂದ ವಸ್ತುವನ್ನು ಪೆಟ್ಟಿಗೆಯಲ್ಲಿಯೇ ದಾಟಿಸುವ ವ್ಯಾಪಾರವನ್ನು ದೂರದ ನಗರದ ಮಳಿಗೆಯೂ ಅಂತರ್ಜಾಲದ ಅಂಗಡಿಯೂ ಇನ್ನಷ್ಟು ಕಡಿಮೆ ದರದಲ್ಲಿ ಮಾಡಬಲ್ಲವು. ಆದರೆ ಹೊಸ ಯಂತ್ರವನ್ನು ತಪಾಸಣೆ ಮಾಡಿ, ಇಲ್ಲಿಯ ಹಣ್ಣಿಗೆ, ಇಲ್ಲಿಯ ಇಳಿಜಾರಿಗೆ, ಇಲ್ಲಿಯ ಮಳೆಗೆ ಹೊಂದಿಸಿ ಕೊಡುವ ಕೆಲಸವನ್ನು ಅವು ಮಾಡಲಾರವು. ಸ್ಥಳೀಯ ಅಂಗಡಿ ಉಳಿಯಬೇಕಾದರೆ ಅದು ಉಳಿಯುವುದು ಈ ಕೆಲಸದಿಂದಲೇ.

ಗಾಲ್ಫ್ ಕೋಲು ಹೇಳುವ ಪಾಠ

ಇದಕ್ಕೆ ಒಳ್ಳೆಯ ನಿದರ್ಶನವೊಂದು ಕಾಫಿ ಸೀಮೆಯ ಮಗ್ಗುಲಿನಲ್ಲಿಯೇ ಇದೆ. ಚಿಕ್ಕಮಗಳೂರಿನಲ್ಲಿ ಗಾಲ್ಫ್ ಮೈದಾನವಿದೆ. ಬೆಳೆಗಾರರಲ್ಲಿ ಆ ಆಟದ ಅಭಿರುಚಿಯುಳ್ಳವರಿದ್ದಾರೆ. ಹೊಸ ಗಾಲ್ಫ್ ಕೋಲನ್ನು ಕೊಂಡ ಅನುಭವಿ ಆಟಗಾರ ಅದನ್ನು ಸಿದ್ಧವಸ್ತುವೆಂದು ಪರಿಗಣಿಸುವುದಿಲ್ಲ. ಕೋಲಿನ ಉದ್ದ, ಅದರ ತಲೆಯ ಮುಖ ಹಿಂದಕ್ಕೆ ವಾಲಿರುವ ಕೋನ, ನೆಲಕ್ಕೂ ದಂಡಕ್ಕೂ ನಡುವಣ ಕೋನ, ಹಿಡಿಯ ದಪ್ಪ, ತಲೆಗೂ ಹಿಡಿಗೂ ನಡುವಣ ತೂಕದ ಸಮತೋಲ, ಇಷ್ಟನ್ನೂ ಅಳೆಯಿಸುತ್ತಾನೆ. ಕಾರ್ಖಾನೆಯಿಂದ ಬಂದ ಒಂದೇ ಜೊತೆಯ ಕೋಲುಗಳಲ್ಲಿಯೂ ಒಂದು ಡಿಗ್ರಿಯಷ್ಟು ವ್ಯತ್ಯಾಸ ಇರುವುದುಂಟು. ನೆಲದ ಕೋನ ತಪ್ಪಿ ಕೋಲಿನ ಮೂತಿ ಮೇಲೆದ್ದರೆ ಬಲಗೈ ಆಟಗಾರನ ಚೆಂಡು ಎಡಕ್ಕೆ ಹೋಗುತ್ತದೆ. ಆಟಗಾರ ತನ್ನ ಕೈಯನ್ನೇ ದೂರುತ್ತಾನೆ. ದೋಷ ಇರುವುದು ಉಪಕರಣದಲ್ಲಿ.

ಆದ್ದರಿಂದ ಆ ಆಟದಲ್ಲಿ ಕೋಲು ಮಾರುವ ವೃತ್ತಿಯ ಜೊತೆಗೇ ಕೋಲು ಹೊಂದಿಸುವ ವೃತ್ತಿಯೂ ಬೆಳೆದಿದೆ. ಬಡಿದು ರೂಪಿಸಿದ ಮೆದು ಉಕ್ಕಿನ ತಲೆಯನ್ನು ಒಂದೆರಡು ಡಿಗ್ರಿ ಬಗ್ಗಿಸಬಹುದು. ಎರಕ ಹೊಯ್ದ ಗಟ್ಟಿ ಉಕ್ಕನ್ನು ಹಾಗೆ ಬಗ್ಗಿಸಹೊರಟರೆ ಮುರಿಯುವ ಅಪಾಯವಿದೆ. ತಲೆಗೆ ಎರಡು ಗ್ರಾಂ ಸೀಸದ ಪಟ್ಟಿ ಅಂಟಿಸಿದರೂ ತೂಗಿನ ಅಳತೆಯಲ್ಲಿ ಒಂದಂಶ ಬದಲಾಗುತ್ತದೆ. ಟೈಟಾನಿಯಂ ಎಂದು ಮಾರಿದ ಕೋಲಿನ ಮುಖಕ್ಕೆ ಅಯಸ್ಕಾಂತ ಅಂಟಿದರೆ ಮಾಲು ನಕಲಿಯೆಂಬ ಸಂಶಯ ಮೂಡುತ್ತದೆ. ಈ ಹೊಂದಾಣಿಕೆಗೂ ಮಿತಿಗಳಿವೆ. ಆಟದ ನಿಯಮದಂತೆ ಒಬ್ಬನ ಬಳಿ 14ಕ್ಕಿಂತ ಹೆಚ್ಚು ಕೋಲುಗಳಿರಬಾರದು. ಪಟರ್ ಹೊರತಾಗಿ ಯಾವ ಕೋಲೂ 48 ಅಂಗುಲವನ್ನು ಮೀರಬಾರದು. ಸುತ್ತಿನ ನಡುವೆ ಕೋಲಿನ ಗುಣವನ್ನು ಬೇಕೆಂದೇ ಬದಲಿಸಿ ಆಡಬಾರದು. ತಿದ್ದುಪಡಿ ಏನಿದ್ದರೂ ಆಟಕ್ಕೆ ಮೊದಲೇ ಮುಗಿಯಬೇಕು.

ವರ್ತಕರು ಇಲ್ಲಿ ಗಮನಿಸಬೇಕಾದದ್ದು ಒಂದೇ ಅಂಶ. ಅಳೆದು ಹೊಂದಿಸುವ ಕೆಲಸಕ್ಕೆ ಗ್ರಾಹಕ ಸಂತೋಷದಿಂದಲೇ ಪ್ರತ್ಯೇಕ ಹಣ ಕೊಡುತ್ತಾನೆ. ಬಿಡುವಿನ ವೇಳೆಯ ಕೋಲಿಗೆ ಇಷ್ಟು ಕಾಳಜಿ ಸಲ್ಲುವುದಾದರೆ, ವರ್ಷದ ಆದಾಯವನ್ನೇ ನಿರ್ಧರಿಸುವ ಯಂತ್ರಕ್ಕೆ ಅದು ಏಕೆ ಸಲ್ಲಬಾರದು?

ಪಲ್ಪರಿನ ಕೂದಲೆಳೆಯ ಅಂತರ

ಡಿಸ್ಕ್ ಪಲ್ಪರಿನಲ್ಲಿ ತಿರುಗುವ ಬಿಲ್ಲೆಯ ಉಬ್ಬುಗಳು ಹಣ್ಣನ್ನು ಎದುರಿನ ಪಟ್ಟಿಗೆ ಒತ್ತಿ ಸಿಪ್ಪೆಯಿಂದ ಬೀಜವನ್ನು ಬಿಡಿಸುತ್ತವೆ. ಬಿಲ್ಲೆಗೂ ಪಟ್ಟಿಗೂ ನಡುವಣ ಅಂತರವೇ ಈ ಯಂತ್ರದ ಜೀವಾಳ. ಅಂತರ ಕಿರಿದಾದರೆ ಬೀಜ ಕತ್ತರಿಸುತ್ತದೆ. ಹಿರಿದಾದರೆ ಹಣ್ಣು ಹಾಗೆಯೇ ದಾಟಿ ಹೋಗುತ್ತದೆ, ಸಿಪ್ಪೆ ಪಾರ್ಚ್‌ಮೆಂಟಿನೊಡನೆ ಬೆರೆಯುತ್ತದೆ. ಗಾಯಗೊಂಡ ಬೀಜದೊಳಕ್ಕೆ ಹುಳಿಯುವಿಕೆ ಹೊಕ್ಕು ಬಣ್ಣವೂ ರುಚಿಯೂ ಕೆಡುತ್ತವೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಂಥ ಬೀಜ ದೋಷದ ಲೆಕ್ಕಕ್ಕೆ ಸೇರುತ್ತದೆ. 6.65 ಮಿಲಿಮೀಟರ್ ಜರಡಿಯ ಮೇಲೆ ನಿಂತು 'ಪ್ಲಾಂಟೇಷನ್ ಎ' ದರ್ಜೆಗೆ ಸಲ್ಲಬೇಕಾದ ದಪ್ಪ ಬೀಜವೇ ಬಿಗಿಯಾದ ಅಂತರಕ್ಕೆ ಮೊದಲು ಬಲಿಯಾಗುತ್ತದೆ ಎಂಬುದನ್ನು ನೆನಪಿಡಬೇಕು.

ಈ ಅಂತರವನ್ನು ಕಾರ್ಖಾನೆಯಲ್ಲಿ ಎಲ್ಲರಿಗೂ ಒಪ್ಪುವಂತೆ ನಿಗದಿ ಮಾಡಲಾಗದು. ಅರೇಬಿಕಾ ಹಣ್ಣಿನ ಗಾತ್ರ ಬೇರೆ, ರೊಬಸ್ಟಾ ಹಣ್ಣಿನ ಗಾತ್ರ ಬೇರೆ. ಹಳೆಯ ಎಸ್. 795 ತಳಿಯ ಗಿಡಗಳೂ 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ತಳಿಯ ಗಿಡಗಳೂ ಒಂದೇ ತೋಟದಲ್ಲಿ ಇರಬಹುದು. ಹೂಮಳೆ ಮತ್ತು ಅದರ ಹಿಂದೆ ಬರುವ ಮಳೆ ಕೈಕೊಟ್ಟ ವರ್ಷ ಕಾಯಿ ಸಣ್ಣದಾಗುತ್ತದೆ. ಆದ್ದರಿಂದ ಮೊದಲ ಹೊಂದಾಣಿಕೆ ಮಾರುವ ಮುನ್ನವೇ ಆಗಬೇಕು. ಹಣ್ಣು ಬಂದ ಮೇಲೆ ತೋಟದಲ್ಲಿ ಇನ್ನೊಮ್ಮೆ ಆಗಬೇಕು. ಪರೀಕ್ಷೆ ಕಷ್ಟವೇನೂ ಅಲ್ಲ. ಸರಿಯಾಗಿ ಹಣ್ಣಾದ ಒಂದಿಷ್ಟು ಕಾಫಿಯನ್ನು ತೂಗಿ ಯಂತ್ರಕ್ಕೆ ಹಾಕಿ, ಹೊರಬಂದ ಬೀಜಗಳಿಂದ ನೂರನ್ನು ಎಣಿಸಿಕೊಂಡು ಅದರಲ್ಲಿ ಕತ್ತರಿಸಿದವು ಎಷ್ಟು, ಸಿಪ್ಪೆಯೊಡನೆ ಹೋದ ಬೀಜ ಎಷ್ಟು, ಸುಲಿಯದೆ ದಾಟಿದ ಹಣ್ಣು ಎಷ್ಟು ಎಂದು ಬರೆದಿಡಬೇಕು. ಅಂತರ ತಿದ್ದಿ ಇದನ್ನೇ ಪುನಃ ಮಾಡಬೇಕು. ಅರ್ಧ ದಿನದ ಈ ಕೆಲಸ ಇಡೀ ಕೊಯ್ಲನ್ನು ಕಾಯುತ್ತದೆ.

ಮಾಪಕ, ತಕ್ಕಡಿ, ಸಿಂಪಡಣಾ ಯಂತ್ರ

ತೇವಾಂಶ ಮಾಪಕದ ಕಥೆಯೂ ಇದೇ. ಕಣದಲ್ಲಿ ಒಣಗುತ್ತಿರುವ ಕಾಫಿಯ ನಿಜವಾದ ತೇವಾಂಶ ಶೇ. 11 ಇದ್ದು, ಹೊಸ ಮಾಪಕ ಶೇ. 12 ಎಂದು ತೋರಿಸಿತೆಂದು ಭಾವಿಸಿದರೆ, ಬೆಳೆಗಾರ ಶೇ. 11 ತಲುಪಿತೆಂದು ತಿಳಿಯುವ ಹೊತ್ತಿಗೆ ಅವನ ಕಾಫಿ ಶೇ. 10ಕ್ಕೆ ಇಳಿದಿರುತ್ತದೆ. ಇದರಿಂದ ಪ್ರತಿ ಕ್ವಿಂಟಾಲಿಗೆ ಸುಮಾರು 1.1 ಕಿಲೋ ತೂಕ ಹೋಗುತ್ತದೆ. ಹತ್ತು ಟನ್ನಿಗೆ ಇದು 110 ಕಿಲೋ ದಾಟುತ್ತದೆ. ಮಾಪಕ ಕಡಿಮೆ ತೋರಿಸಿದರೆ ಅಪಾಯ ಇನ್ನೊಂದು ಬಗೆಯದು. ಹಸಿಯಾಗಿ ಉಳಿದ ಕಾಫಿ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಂತಾರಾಷ್ಟ್ರೀಯ ಕಾಫಿ ಸಂಘಟನೆಯು 2004ರಲ್ಲಿ ಅಂಗೀಕರಿಸಿದ 420ನೆಯ ನಿರ್ಣಯವು ರಫ್ತಾಗುವ ಕಾಫಿಬೇಳೆಯ ತೇವಾಂಶಕ್ಕೆ ಶೇ. 8ರಿಂದ 12.5ರ ಗುರಿಯನ್ನು ಹಾಕಿಕೊಟ್ಟಿದೆ. ಹೊಸ ಮಾಪಕವನ್ನು, ಒಲೆಯಲ್ಲಿ ಒಣಗಿಸಿ ತೇವಾಂಶ ಕಂಡುಕೊಂಡ ಮಾದರಿಯೊಡನೆ ಹೋಲಿಸಿ, ಪಾರ್ಚ್‌ಮೆಂಟ್, ಚೆರ್ರಿ, ಬೇಳೆ ಇವುಗಳಿಗೆ ಬೇರೆ ಬೇರೆಯಾಗಿ ವ್ಯತ್ಯಾಸವನ್ನು ಗುರುತು ಹಾಕಿ ಕೊಡುವುದು ಮಾರಾಟಗಾರನಿಗೆ ಅಸಾಧ್ಯವಾದ ಕಾರ್ಯವಲ್ಲ.

ಸಿಂಪಡಣಾ ಯಂತ್ರದ ಪರೀಕ್ಷೆಗೆ ಅಳತೆಯ ಜಾಡಿಯೊಂದು, ಗಡಿಯಾರವೊಂದು ಸಾಕು. ಒಂದು ನಿಮಿಷದಲ್ಲಿ ಪ್ರತಿ ನಾಜಲಿನಿಂದ ಎಷ್ಟು ನೀರು ಬರುತ್ತದೆಂದು ಅಳೆದರೆ ಏರುಪೇರು ತಿಳಿಯುತ್ತದೆ. ಮೈಲುತುತ್ತ ಮತ್ತು ಸುಣ್ಣ ಬೆರೆತ ಶೇ. 1ರ ಬೋರ್ಡೋ ದ್ರಾವಣ ಎಲೆಯ ಎಲ್ಲ ಭಾಗಕ್ಕೂ ತಲುಪದಿದ್ದರೆ ತುಕ್ಕು ರೋಗ ನಿಲ್ಲದು. ಮೈಲುತುತ್ತ ಕಬ್ಬಿಣವನ್ನು ತಿನ್ನುವುದರಿಂದ ದ್ರಾವಣ ತಾಗುವ ಬಿಡಿಭಾಗಗಳು ಯಾವ ಲೋಹದವೆಂಬುದನ್ನೂ ಮೊದಲೇ ನೋಡಿರಬೇಕು.

ತಕ್ಕಡಿಯ ವಿಷಯದಲ್ಲಿ ಕಾನೂನು ಈ ತತ್ತ್ವವನ್ನು ಎಂದೋ ಒಪ್ಪಿಕೊಂಡಿದೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ವ್ಯವಹಾರಕ್ಕೆ ಬಳಸುವ ತಕ್ಕಡಿ ಹೊಸದಾಗಿದ್ದರೂ ತಪಾಸಣೆಗೊಂಡು ಮುದ್ರೆ ಪಡೆದಿರಬೇಕು. ತೂಗುವ ಯಂತ್ರಕ್ಕೆ ಅನ್ವಯವಾಗುವ ವಿವೇಕ ತೇವಾಂಶ ಅಳೆಯುವ, ಹಣ್ಣು ಸುಲಿಯುವ ಯಂತ್ರಗಳಿಗೂ ಸ್ವಇಚ್ಛೆಯಿಂದ ಅನ್ವಯವಾಗಬೇಕೆಂಬುದಷ್ಟೇ ಇಲ್ಲಿಯ ವಾದ.

ತಪಾಸಣೆಗೂ ಕಾಲಮಿತಿಯಿದೆ

ತಪಾಸಣೆಯನ್ನು ಮುಂದೂಡುವವನಿಗೆ ಕಾನೂನು ಬಹುಕಾಲ ಕಾಯುವುದಿಲ್ಲ. 1930ರ ಸರಕುಗಳ ಮಾರಾಟ ಅಧಿನಿಯಮದ 41ನೆಯ ಪ್ರಕರಣವು, ಮೊದಲು ನೋಡಿರದ ಸರಕನ್ನು ಪರೀಕ್ಷಿಸಲು ಕೊಳ್ಳುವವನಿಗೆ ಯುಕ್ತವಾದ ಅವಕಾಶವಿರಬೇಕೆಂದು ಹೇಳುತ್ತದೆ. ಆದರೆ 42ನೆಯ ಪ್ರಕರಣದಂತೆ, ಯುಕ್ತ ಕಾಲ ಕಳೆದರೂ ನಿರಾಕರಣೆಯನ್ನು ತಿಳಿಸದೆ ಸರಕನ್ನು ಇಟ್ಟುಕೊಂಡವನು ಅದನ್ನು ಒಪ್ಪಿಕೊಂಡಂತೆಯೇ ಸರಿ. ಸೆಪ್ಟೆಂಬರಿನಲ್ಲಿ ಬಂದ ಯಂತ್ರವನ್ನು ಡಿಸೆಂಬರಿನಲ್ಲಿ ಮೊದಲ ಬಾರಿಗೆ ಓಡಿಸಿ, ಆಮೇಲೆ ಹಿಂದಿರುಗಿಸಲು ಹೊರಟವನ ಸ್ಥಿತಿ ಬಲಹೀನವಾಗಿರುತ್ತದೆ.

ಸಣ್ಣ ತಯಾರಕರಿಗೆ 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ ಇನ್ನೂ ಸ್ಪಷ್ಟವಾದ ಗಡುವು ಕೊಟ್ಟಿದೆ. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದಲ್ಲಿ ಅದು ಸ್ವೀಕೃತವಾಯಿತೆಂದೇ ಲೆಕ್ಕ. ಹಣ ಪಾವತಿಯ ಅವಧಿ, ಕರಾರಿನಲ್ಲಿ ಏನೇ ಇದ್ದರೂ, 45 ದಿನಗಳನ್ನು ಮೀರುವಂತಿಲ್ಲ. ಮಾರುವಾಗಲೇ ಗ್ರಾಹಕನ ಎದುರಿನಲ್ಲಿ ಪರೀಕ್ಷೆ ನಡೆಸಿ ಇಬ್ಬರೂ ಸಹಿ ಹಾಕಿದ ಚೀಟಿಯೊಂದಿದ್ದರೆ ಎರಡೂ ಕಡೆಯ ಜಗಳ ಅರ್ಧಕ್ಕೆ ಇಳಿಯುತ್ತದೆ. ತಪಾಸಣೆ ಕೊಳ್ಳುವವನಿಗೆ ಮಾತ್ರ ರಕ್ಷಣೆಯೆಂದು ತಿಳಿಯುವುದು ತಪ್ಪು; ಬಾಕಿ ವಸೂಲಿಗೆ ಅಲೆಯುವ ತಯಾರಕನಿಗೂ ಅದೇ ರಕ್ಷಣೆ.

ಆಕ್ಷೇಪಗಳು, ಮಿತಿಗಳು

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಹೊಂದಾಣಿಕೆಗೆ ದರ ವಿಧಿಸಿದರೆ ಗ್ರಾಹಕ ಪಕ್ಕದ ಅಂಗಡಿಗೆ ಹೋದಾನು ಎಂಬುದು ಮೊದಲನೆಯದು. ಈಗಲೂ ಆ ಖರ್ಚು ಇದ್ದೇ ಇದೆ. ಕೊಯ್ಲಿನ ನಡುವೆ ಯಂತ್ರ ನಿಂತಾಗ ಚಿಕ್ಕಮಗಳೂರಿನಿಂದ ಸುಮಾರು 90 ಕಿಲೋಮೀಟರ್ ದೂರದ ಕಳಸಕ್ಕೆ ಮೆಕ್ಯಾನಿಕ್ ಒಬ್ಬನನ್ನು ಕಳುಹಿಸುವ ವೆಚ್ಚವನ್ನು ಯಾರೋ ಒಬ್ಬರು ಹೊರುತ್ತಿದ್ದಾರೆ. ಅಷ್ಟರಲ್ಲಿ ಕೊಯ್ದ ಹಣ್ಣು ರಾಶಿಯಲ್ಲಿಯೇ ಬಿಸಿಯೇರಿ ಹುಳಿಯುತ್ತದೆ. ಮೊದಲೇ ಮಾಡುವ ತಪಾಸಣೆ ಈ ವೆಚ್ಚವನ್ನು ಬಿಡುವಿನ ತಿಂಗಳಿಗೆ ವರ್ಗಾಯಿಸುತ್ತದೆ, ಅಷ್ಟೇ.

ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು: ಯಂತ್ರವನ್ನು ಮುಟ್ಟಿದರೆ ತಯಾರಕನ ವಾರಂಟಿ ತಪ್ಪೀತು. ಇಲ್ಲಿ ಹೊಂದಾಣಿಕೆಗೂ ಮಾರ್ಪಾಡಿಗೂ ಇರುವ ಭೇದವನ್ನು ಅರಿಯಬೇಕು. ಕೈಪಿಡಿಯಲ್ಲಿ ಹೇಳಿದ ತಿರುಪುಗಳನ್ನು ಹೇಳಿದ ಮಿತಿಯೊಳಗೆ ತಿರುಗಿಸುವುದು ಹೊಂದಾಣಿಕೆ. ಪುಲ್ಲಿಯನ್ನು ಬದಲಿಸಿ ವೇಗ ಹೆಚ್ಚಿಸುವುದು, ಬೆಸುಗೆ ಹಾಕುವುದು ಮಾರ್ಪಾಡು. ತಯಾರಕನ ಲಿಖಿತ ಒಪ್ಪಿಗೆಯಿಲ್ಲದೆ ಅದಕ್ಕೆ ಕೈಹಾಕಬಾರದು. ಬೆಲ್ಟಿನ ಮೇಲಣ ಕವಚವನ್ನೋ ಕಳೆ ಕೊಚ್ಚುವ ಯಂತ್ರದ ತಡೆಯನ್ನೋ ಅನುಕೂಲಕ್ಕೆಂದು ಕಳಚುವುದಂತೂ ಯಾವ ಕಾರಣಕ್ಕೂ ಸಲ್ಲದು. ಗಟ್ಟಿ ಎರಕದ ಗಾಲ್ಫ್ ಕೋಲನ್ನು ಬಗ್ಗಿಸಲಾಗದೆಂದು ಹೇಳಿ ಹಿಂದಿರುಗಿಸುವವನೇ ನಿಜವಾದ ಕುಶಲಿ. ತಿದ್ದಲಾಗದ ಯಂತ್ರವನ್ನು ತಯಾರಕನಿಗೆ ಮರಳಿಸುವ ಧೈರ್ಯ ವರ್ತಕನಿಗೂ ಇರಬೇಕು.

ಮಾಡಬಹುದಾದ ಕೆಲಸ

ಮೊದಲನೆಯದಾಗಿ, ಮಾರಾಟವಾಗುವ ಪ್ರತಿ ಯಂತ್ರದೊಡನೆ ಒಂದು ಪುಟದ ತಪಾಸಣಾ ಚೀಟಿ ಹೋಗಬೇಕು. ಅದರಲ್ಲಿ ಕ್ರಮಸಂಖ್ಯೆ, ಅಳತೆ, ಪರೀಕ್ಷೆಯ ಫಲಿತಾಂಶ, ತಿದ್ದಿದ ಅಂಶ, ದಿನಾಂಕ ಮತ್ತು ಸಹಿಗಳಿರಬೇಕು. ಎರಡನೆಯದಾಗಿ, ಬಿಲ್ಲಿನಲ್ಲಿ ಯಂತ್ರದ ಬೆಲೆ ಬೇರೆ, ಹೊಂದಾಣಿಕೆಯ ದರ ಬೇರೆಯಾಗಿ ನಮೂದಾಗಬೇಕು. ಉಚಿತವೆಂದು ಕೊಟ್ಟ ಕೆಲಸಕ್ಕೆ ಗ್ರಾಹಕನೂ ಬೆಲೆ ಕೊಡುವುದಿಲ್ಲ, ಕೆಲಸಗಾರನೂ ಮನಸ್ಸು ಕೊಡುವುದಿಲ್ಲ. ಮೂರನೆಯದಾಗಿ, ಒಬ್ಬೊಬ್ಬ ವರ್ತಕನೂ ಒಲೆ, ಪ್ರಮಾಣಿತ ತೂಕ, ಅಳತೆಯ ಸಾಧನಗಳನ್ನು ಕೊಳ್ಳುವ ಬದಲು ವಾಣಿಜ್ಯ ಸಂಸ್ಥೆಗಳು ಸಾಮಾನ್ಯ ಪರೀಕ್ಷಾ ಮೇಜೊಂದನ್ನು ಏರ್ಪಡಿಸಬಹುದು. ಬಾಳೆಹೊನ್ನೂರಿನ ಬಳಿ 1925ರಿಂದ ಕೆಲಸ ಮಾಡುತ್ತಿರುವ ಕಾಫಿ ಸಂಶೋಧನಾ ಕೇಂದ್ರ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಮಗಳೂರಿನ ತಾಂತ್ರಿಕ ಕಾಲೇಜು ಹತ್ತಿರದಲ್ಲಿಯೇ ಇರುವಾಗ ಮಾರ್ಗದರ್ಶನಕ್ಕಾಗಿ ಬೆಂಗಳೂರಿನತ್ತ ನೋಡಬೇಕಾಗಿಲ್ಲ. ನಾಲ್ಕನೆಯದಾಗಿ, ಅರೇಬಿಕಾ ಕೊಯ್ಲು ಆರಂಭವಾಗುವ ನವೆಂಬರಿಗೆ ಮೊದಲೇ ಈ ಕೆಲಸ ಮುಗಿಯಬೇಕು.

ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಊರಿನ ಹೆಸರು ಚೀಲದ ಮೇಲೆ ಬಂದ ಮೇಲೆ, ಒಳಗಿನ ಬೀಜ ಕತ್ತರಿಸಿದ್ದರೆ ಆ ಅಪಕೀರ್ತಿಯೂ ಊರಿನದೇ. ಹೆಸರನ್ನು ಗಳಿಸಿಕೊಟ್ಟವರು ಬೆಳೆಗಾರರು ಮತ್ತು ಕಾರ್ಮಿಕರು. ಅದನ್ನು ಉಳಿಸುವ ಹೊಣೆಯಲ್ಲಿ ಯಂತ್ರ ಮಾರುವವರಿಗೂ ಪಾಲಿದೆ. ಆ ಪಾಲನ್ನು ಹೊತ್ತವರಿಗೆ ನ್ಯಾಯವಾದ ಲಾಭವೂ ಇದೆ. ಬರುವ ಕೊಯ್ಲಿಗೆ ಮುನ್ನ ಕನಿಷ್ಠ ಪಲ್ಪರ್ ಮತ್ತು ತೇವಾಂಶ ಮಾಪಕಗಳಿಂದಲಾದರೂ ಈ ಪದ್ಧತಿಯನ್ನು ವರ್ತಕ ಬಾಂಧವರು ಆರಂಭಿಸುವುದು ಉಚಿತ.