ಮಳೆಯ ಚಾರಣಕ್ಕೆ ಸೋಮವಾರದ ಅವಸರ ಬೇಡ

ಮಳೆಗಾಲ ಬಂತೆಂದರೆ ಮುಂಬಯಿ, ಥಾಣೆ, ಪುಣೆ ಪರಿಸರದ ನಮ್ಮ ಸಂಘ-ಸಂಸ್ಥೆಗಳ ಯುವ ವಿಭಾಗಗಳಲ್ಲಿ ಚಾರಣದ ಮಾತು ಸುರುವಾಗುತ್ತದೆ. ಹಿಂದೆ ಈ ದಿನಗಳ ಕಾರ್ಯಕ್ರಮವೆಂದರೆ ಪತ್ರೊಡೆಯ ಊಟ, ಹೆಚ್ಚೆಂದರೆ ಲೋನಾವಳಕ್ಕೆ ಒಂದು ಬಸ್ಸು. ಈಗಿನ ಮಕ್ಕಳಿಗೆ ಅಷ್ಟು ಸಾಲದು. ಬೆನ್ನಿಗೆ ಚೀಲ ಕಟ್ಟಿಕೊಂಡು ಪನ್ಹಾಳ ಗಡದಿಂದ ಪಾವನಖಿಂಡಿಯವರೆಗೆ ನಡೆದೇ ಹೋಗಬೇಕು. ಇದು ಸಂತೋಷದ ವಿಷಯವೇ. ಮೊಬೈಲು ಬಿಟ್ಟು ಹೊರಗೆ ಹೊರಟರಲ್ಲ ಎಂದು ಹೆತ್ತವರೂ ಖುಷಿಪಡುತ್ತಾರೆ. ನನ್ನ ಆಕ್ಷೇಪ ಚಾರಣದ ಬಗ್ಗೆ ಅಲ್ಲ, ಅದರ ವೇಳಾಪಟ್ಟಿಯ ಬಗ್ಗೆ.

ಈ ದಾರಿಯ ಮಹಿಮೆ ಎಲ್ಲರಿಗೂ ಗೊತ್ತು. 1660ರ ಜುಲೈಯಲ್ಲಿ ಬಿಜಾಪುರದ ಆದಿಲಶಾಹಿ ಸೇನಾನಿ ಸಿದ್ದಿ ಜೌಹರನ ಮುತ್ತಿಗೆಯನ್ನು ಭೇದಿಸಿ ಶಿವಾಜಿ ಮಹಾರಾಜರು ಮಳೆಯ ರಾತ್ರಿಯಲ್ಲಿ ವಿಶಾಲಗಡದತ್ತ ಸಾಗಿದ್ದು ಇಲ್ಲಿಂದಲೇ. ಬಾಜಿಪ್ರಭು ದೇಶಪಾಂಡೆ ಘೋಡಖಿಂಡಿಯಲ್ಲಿ ಶತ್ರುವನ್ನು ತಡೆದು ಪ್ರಾಣ ತೆತ್ತರು. ಆ ಖಿಂಡಿಯೇ ಪಾವನಖಿಂಡಿಯಾಯಿತು. ಆ ನೆನಪಿಗಾಗಿ ಪ್ರತಿವರ್ಷ ಮಳೆಗಾಲದಲ್ಲಿ ನೂರಾರು ಮಂದಿ ಈ ದಾರಿ ಹಿಡಿಯುತ್ತಾರೆ. ದೂರ ಸುಮಾರು 50 ಕಿ.ಮೀ.

ಈಗ ವೇಳಾಪಟ್ಟಿ ನೋಡಿ. ಶುಕ್ರವಾರ ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್, ಶನಿವಾರ ಬೆಳಿಗ್ಗೆ ಕೊಲ್ಲಾಪುರ, ಅಲ್ಲಿಂದ ಪನ್ಹಾಳ, ತಿಂಡಿ ತಿಂದು ನಡಿಗೆ. ಭಾನುವಾರ ಸಂಜೆಯೊಳಗೆ ಖಿಂಡಿ ಮುಟ್ಟಿ ಮಲ್ಕಾಪುರದ ಮೂಲಕ ಕೊಲ್ಲಾಪುರಕ್ಕೆ ಮರಳಿ ರಾತ್ರಿಯ ರೈಲು ಹಿಡಿಯಬೇಕು. ಸೋಮವಾರ ಆಫೀಸು, ಕಾಲೇಜು, ಹೊಟೇಲಿನ ಗಲ್ಲಾ. ರೈಲಿನಲ್ಲಿ ಅರ್ಧ ನಿದ್ದೆ ಮಾಡಿ ಇಳಿದವರು ಎರಡು ದಿನದಲ್ಲಿ 50 ಕಿ.ಮೀ. ನಡೆಯುತ್ತಾರೆ, ಅದೂ ಸಹ್ಯಾದ್ರಿಯ ಮಳೆಯಲ್ಲಿ.

ಆ ಮಳೆಯ ದಿನ ಹೇಗಿರುತ್ತದೆಂದು ಚಿತ್ರದಲ್ಲಿ ಕಾಣುವುದಿಲ್ಲ. ಮಸಾಯಿ ಪಠಾರ ಹತ್ತಿದ ಮೇಲೆ ಮಂಜು ಕವಿದರೆ ಹತ್ತು ಮಾರು ಮುಂದಿನವನು ಮಾಯ. ಕೆಂಪು ಮುರಕಲ್ಲಿನ ಬಯಲಿನ ಮೇಲೆಲ್ಲ ನೀರು ಹರಿಯುತ್ತಿರುವುದರಿಂದ ಯಾವುದು ದಾರಿ, ಯಾವುದು ತೋಡು ಎಂದು ತಿಳಿಯದು. ಪಠಾರ ಇಳಿದರೆ ನಾಟಿಯ ಗದ್ದೆಗಳು, ಪಾದ ಮುಳುಗುವ ಕೆಸರು, ಜಾರುವ ಹುಣಿ. ಒಣ ನೆಲದಲ್ಲಿ ಕಾಲು ತಾನಾಗಿ ನಡೆಯುತ್ತದೆ, ಇಲ್ಲಿ ಪ್ರತಿ ಹೆಜ್ಜೆಗೂ ಮೈ ಬಿಗಿ ಹಿಡಿಯಬೇಕು. ಮಧ್ಯಾಹ್ನದ ಹೊತ್ತಿಗೆ ಚಪ್ಪೆಯಾದ ಅಂಗಾಲಿನಲ್ಲಿ ಬೊಕ್ಕೆ. ಬಾಯಾರಿಕೆ ಗೊತ್ತಾಗದ್ದರಿಂದ ನೀರು ಕುಡಿಯುವುದಿಲ್ಲ, ನಿಂತರೆ ಚಳಿ ಎಂದು ಕುಳಿತು ತಿನ್ನುವುದೂ ಇಲ್ಲ. ಪ್ಲಾಸ್ಟಿಕ್ ಕೋಟಿನ ಹೊರಗೆ ಮಳೆ, ಒಳಗೆ ಬೆವರು. ಊರಿನಲ್ಲಿ ಗೊರಬೆ ಹೊತ್ತು ದಿನವಿಡೀ ನೇಜಿ ನೆಟ್ಟ ನಮ್ಮ ಅಜ್ಜಿಯಂದಿರು ಈ ಕೋಟನ್ನು ಕಂಡರೆ ನಗುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಇಂಥ ಒಂದು ತಂಡದಲ್ಲಿ ನಾನೂ ಇದ್ದೆ. ಹಣ ಪಡೆದು ಕರೆದೊಯ್ಯುವ ತಂಡ, ನಲ್ವತ್ತಕ್ಕಿಂತ ಹೆಚ್ಚು ಜನ. ಎರಡನೆಯ ದಿನ ಮಧ್ಯಾಹ್ನ ನಮ್ಮವನೇ ಒಬ್ಬ ಬಿ.ಕಾಂ. ಹುಡುಗ ಹಿಂದೆ ಬಿದ್ದ. ಬೆಳಿಗ್ಗೆಯಿಂದ ಹಾಡುತ್ತಿದ್ದವನು ಮಾತನ್ನೇ ನಿಲ್ಲಿಸಿದ್ದ. ಮೈಮೇಲೆ ನೆನೆದ ಜೀನ್ಸ್, ಹತ್ತಿಯ ಟೀ ಶರ್ಟು. ಕೈ ನಡುಗಿ ಬಿಸ್ಕತ್ತಿನ ಪೊಟ್ಟಣ ಬಿಡಿಸಲಾಗಲಿಲ್ಲ. "ಏನೂ ಇಲ್ಲ ಅಂಕಲ್, ನಡೀತೇನೆ" ಎಂದದ್ದೂ ತೊದಲಿತು. ಮುಂದಾಳುವಿಗೆ ಹೇಳಿದರೆ ಆತ ಗಡಿಯಾರ ನೋಡಿ, "ರೈಲು ತಪ್ಪಿದರೆ ಇಷ್ಟು ಜನರಿಗೆ ಯಾರು ಉತ್ತರ ಕೊಡೋದು?" ಎಂದ. ಕೊನೆಗೆ ನಾವು ನಾಲ್ವರು ಹುಡುಗನೊಡನೆ ಹತ್ತಿರದ ವಾಡಿಯ ಒಂದು ಮನೆಯಲ್ಲಿ ಉಳಿದೆವು. ಆ ಮನೆಯ ಅಜ್ಜಿ ಏನೂ ಕೇಳಲಿಲ್ಲ. ಒದ್ದೆ ಬಟ್ಟೆ ಕಳಚಿಸಿ, ಕಂಬಳಿ ಹೊದೆಸಿ, ಒಲೆಯ ಬಳಿ ಕೂರಿಸಿ ಬೆಲ್ಲದ ಚಹಾ ಕೊಟ್ಟಳು. ಎರಡು ಗಂಟೆ ಕಳೆದ ಮೇಲೆ ಹುಡುಗ ಭಾಕ್ರಿ ಕೇಳಿದ. ನಮಗೆ ರೈಲು ತಪ್ಪಿತು, ಅಷ್ಟೇ.

ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಅದಕ್ಕೆ ಹಿಮಾಲಯವೇ ಬೇಕೆಂದಿಲ್ಲ. ನೆನೆದ ಬಟ್ಟೆ, ಗಾಳಿ, ಖಾಲಿ ಹೊಟ್ಟೆ, ದಣಿವು ಒಟ್ಟು ಸೇರಿದರೆ ಸಾಕು. ತಂಡದಲ್ಲಿ ಗೊಣಗುವವನ ಬಗ್ಗೆ ಅಷ್ಟು ಚಿಂತೆ ಬೇಡ, ಸುಮ್ಮನಾದವನನ್ನು ಮೊದಲು ವಿಚಾರಿಸಬೇಕು.

2024ರ ಜೂನ್ 30ರಂದು ಲೋನಾವಳದ ಭುಶಿ ಅಣೆಕಟ್ಟಿನ ಬಳಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಅದರ ಬಳಿಕ ಜಲಪಾತಗಳಿಗೆ ನಿರ್ಬಂಧಗಳು ಬಂದವು. ನೀರಿನ ಅಪಾಯ ಕಣ್ಣಿಗೆ ಕಾಣುತ್ತದೆ, ಪೊಲೀಸರು ಹಗ್ಗ ಕಟ್ಟಬಹುದು. ದಣಿವಿಗೆ ಯಾರು ಹಗ್ಗ ಕಟ್ಟುತ್ತಾರೆ? ಜನಸಂದಣಿಯ ವಿಷಯದಲ್ಲಾದರೂ ಕರ್ನಾಟಕದ ಅರಣ್ಯ ಇಲಾಖೆ ಒಂದು ದಾರಿ ತೋರಿಸಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ನುಗ್ಗಿದ ಬಳಿಕ ಮುಂಗಡ ಬುಕಿಂಗ್ ಕಡ್ಡಾಯವಾಯಿತು, ದಿನಕ್ಕೆ 300 ಜನರ ಮಿತಿಯೂ ಬಂತು. ನಮ್ಮ ಸಂಘಗಳು ಸರಕಾರಕ್ಕೆ ಕಾಯದೆ ಒಂದು ತಂಡಕ್ಕೆ 20 ಜನ ಸಾಕೆಂದು ತಾವೇ ನಿರ್ಧರಿಸಬಹುದಲ್ಲ!

ಇದನ್ನು ಹೇಳಿದಾಗ ಪದಾಧಿಕಾರಿಯೊಬ್ಬರು, "ಮಹಾರಾಜರು ಒಂದೇ ರಾತ್ರಿಯಲ್ಲಿ ಹೋದ ದಾರಿ, ನಿಮಗೆ ಎರಡು ದಿನವೂ ಸಾಲದೇ?" ಎಂದು ಕೇಳಿದರು. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಆದರೆ ಅವರೊಂದಿಗಿದ್ದವರು ಆ ಗುಡ್ಡಗಳಲ್ಲೇ ಹುಟ್ಟಿ ಬೆಳೆದ ಮಾವಳರು, ಬೆನ್ನಟ್ಟಿ ಬರುತ್ತಿದ್ದದ್ದು ಬಿಜಾಪುರದ ಸೈನ್ಯ. ನಮ್ಮನ್ನು ಬೆನ್ನಟ್ಟುವುದು ಹಾಜರಿ ಪುಸ್ತಕ. ಅದಕ್ಕಾಗಿ ಬೊರಿವಲಿಯ ಹುಡುಗನನ್ನು ನಡುಗಿಸಬೇಕಾಗಿಲ್ಲ.

ಬೇಕಾದದ್ದು ಒಂದು ದಿನ. ಎರಡರ ಬದಲು ಮೂರು ದಿನ ಇಟ್ಟುಕೊಂಡರೆ ಮಳೆ ಹೆಚ್ಚಾದಾಗ ವಾಡಿಯಲ್ಲಿ ಉಳಿಯಬಹುದು. ನಿಲ್ಲಿಸುವ ಅಧಿಕಾರ ಒಬ್ಬರಿಗಿರಬೇಕು, ಅವರು ಹಣದ ಲೆಕ್ಕ ನೋಡುವವರಾಗಿರಬಾರದು. ರಾತ್ರಿಗೆಂದು ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟ ಒಣ ಬಟ್ಟೆಯನ್ನು ಹಗಲಲ್ಲಿ ಯಾರೂ ತೆಗೆಯಬಾರದು. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಪ್ರತ್ಯೇಕ ಕೋಣೆಯನ್ನು ಹೊರಡುವ ಮೊದಲೇ ಗೊತ್ತುಮಾಡಬೇಕು. ನಲ್ವತ್ತು ಜನರಿಗೆ ಒಂದೇ ಪಡಸಾಲೆ ಎಂದರೆ ಅವರು ಒದ್ದೆಯಲ್ಲೇ ರಾತ್ರಿ ಕಳೆಯುತ್ತಾರೆ, ಬಾಯಿಬಿಟ್ಟು ಹೇಳುವುದೂ ಇಲ್ಲ. ವಾಡಿಯ ಮನೆಗಳಲ್ಲಿ ಉಂಡ ಊಟಕ್ಕೆ ಚೌಕಾಸಿ ಬೇಡ. ದಾರಿಯ ಹಲವು ವಾಡಿಗಳಿಗೆ ಈಗ ರಸ್ತೆಯಿದೆ, ಆದ್ದರಿಂದ ನಡೆಯಲಾಗದವರನ್ನು ಕರೆತರಲು ಒಂದು ಜೀಪು ಗೊತ್ತುಪಡಿಸುವುದು ಕಷ್ಟವಲ್ಲ.

ಖರ್ಚು ಹೆಚ್ಚುತ್ತದೆ ಎನ್ನುವವರಿದ್ದಾರೆ. ಕ್ರಿಕೆಟ್ ಪಂದ್ಯಾಟದ ಆಳೆತ್ತರದ ಟ್ರೋಫಿಗಳಿಗೆ ಪ್ರತಿವರ್ಷ ದಾನಿಗಳು ಸಿಗುತ್ತಾರೆ, ಒಂದು ಜೀಪಿಗೆ ಸಿಗಲಾರರೇ?