ಬುದ್ಧಿ ಹೇಳಲು ಹೋದ ಮೇಷ್ಟ್ರು



ಒಂಬತ್ತಕ್ಕೆ ಊಟ, ಹತ್ತಕ್ಕೆ ನಿದ್ದೆ ಎಂಬ ನನ್ನ ದಿನಚರಿಯನ್ನು ನೀವೆಲ್ಲ ಬಲ್ಲಿರಿ. ಅಂಥ ನಾನು ಬೆಂಗಳೂರಿನ ಇಂದಿರಾನಗರದ ಪಬ್ಬೊಂದರಲ್ಲಿ ರಾತ್ರಿ ಒಂದು ಗಂಟೆಯವರೆಗೆ ನಿಂತಿದ್ದೆನೆಂದರೆ ನಿಮಗೆ ನಗು ಬಂದೀತು. ನಗಿರಿ, ಆಕ್ಷೇಪವಿಲ್ಲ. ಆದರೆ ಹೋದ ಕಾರಣವನ್ನೂ, ಅಲ್ಲಿ ನಾನು ಕಲಿತ ಪಾಠವನ್ನೂ ಕೇಳಿ ಆಮೇಲೆ ನಿರ್ಣಯಿಸಿರಿ.

ಒಂದು ಸಂಜೆ ಬಸರಾಳಿನ ನಮ್ಮ ಮನೆಯ ಜಗಲಿಗೆ ನನ್ನ ಹಳೆಯ ಶಿಷ್ಯನೊಬ್ಬನ ತಂದೆ ಬಂದು ಕುಳಿತರು. “ಮೇಷ್ಟ್ರೇ, ಎಂಜಿನಿಯರ್ ಓದ್ಸಿದೆ. ಕೆಲ್ಸ ಬುಟ್ಬುಟ್ಟು ರಾತ್ರಿ ಹೊತ್ತು ಪಬ್ಬಲ್ಲಿ ಡಿ.ಜೆ. ಆಗವ್ನೆ. ನಮ್ಮ ವಂಶದೋರು ಯಾರೂ ಬಾರ್ಸಕೆ ಹೋದೋರಲ್ಲ. ಎರಡು ವರ್ಸದಿಂದ ಅವನ ಕೂಡೆ ಮಾತಾಡಿಲ್ಲ. ನಿಮ್ಮ ಮಾತು ಕೇಳ್ತಾನೆ, ಒಸಿ ಬುದ್ಧಿ ಹೇಳಿ” ಎಂದರು. ಆ ಹಿರಿಯರ ಕಣ್ಣಂಚು ಒದ್ದೆಯಾಗಿತ್ತು. ಒಪ್ಪಿಕೊಂಡೆ.

ಶನಿವಾರ ರಾತ್ರಿ ಹುಡುಗನೇ ಬಂದು ಕರೆದೊಯ್ದ. ಒಳಗೆ ಕತ್ತಲೆ, ನಡುನಡುವೆ ಮಿಂಚುವ ಬೆಳಕು. ಎದೆಗೂಡನ್ನೇ ಅಲುಗಿಸುವ ಸದ್ದು. ನೂರಾರು ಮಂದಿ ತರುಣ ತರುಣಿಯರು ಕಣ್ಣು ಮುಚ್ಚಿ, ಒಬ್ಬೊಬ್ಬರೇ ಎಂಬಂತೆ, ಆದರೂ ಒಟ್ಟಾಗಿ ಕುಣಿಯುತ್ತಿದ್ದರು. ವಿಜ್ಞಾನದ ಮೇಷ್ಟ್ರ ಚಾಳಿ ಬಿಡುವುದೇ? ಕೈಗಡಿಯಾರ ನೋಡಿ ಎಣಿಸಿದೆ. ಹದಿನೈದು ಸೆಕೆಂಡಿಗೆ 32 ಪೆಟ್ಟು, ಅಂದರೆ ನಿಮಿಷಕ್ಕೆ 128. ಶಿಷ್ಯನ ಮುಂದೆ ಎರಡು ಯಂತ್ರಗಳು. ಒಂದರ ಹಾಡು ಮುಗಿಯುವ ಮುನ್ನವೇ ಇನ್ನೊಂದರ ಹಾಡನ್ನು ಅದರ ಲಯಕ್ಕೆ ಕೂಡಿಸಬೇಕು. ಕೂದಲೆಳೆಯಷ್ಟು ಹಿಂದುಮುಂದಾದರೂ ಹೆಜ್ಜೆ ತಪ್ಪಿದ ಜೋಡೆತ್ತಿನಂತೆ ನೊಗ ವಾಲುತ್ತದೆ. ಅವನು ಒಮ್ಮೆಯೂ ವಾಲಗೊಡಲಿಲ್ಲ.

ಈ ಟೆಕ್ನೋ ಸಂಗೀತ 1980ರ ದಶಕದಲ್ಲಿ ಹುಟ್ಟಿದ್ದು ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಮೋಟಾರು ಕಾರ್ಖಾನೆಗಳ ಊರಿನಲ್ಲಿ. ಹ್ವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪು ಜನಾಂಗದ ತರುಣರು ಅದರ ಮೊದಲಿಗರು. ಗೋಡೆ ಉರುಳಿದ ಬಳಿಕ ಬರ್ಲಿನ್ ನಗರ ಅದನ್ನು ತನ್ನದಾಗಿಸಿಕೊಂಡಿತು. 2024ರಲ್ಲಿ ಜರ್ಮನಿಯು ಬರ್ಲಿನ್ನಿನ ಟೆಕ್ನೋವನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಇದೆಲ್ಲ ಪರದೇಶದ್ದೆನ್ನುವವರು 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಇಂಥವೇ ಯಂತ್ರಗಳಲ್ಲಿ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದ್ದನ್ನು ಗಮನಿಸಬೇಕು. ಸಂಗೀತ ಕಛೇರಿಗಳಲ್ಲಿ ಕೇಳುವ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದವರೂ ನಮ್ಮ ಬೆಂಗಳೂರಿನವರೇ ಆದ ಜಿ. ರಾಜನಾರಾಯಣ್. ವಿದ್ಯುತ್ತಿನಿಂದ ಹೊರಟ ನಾದವನ್ನು ಅಲ್ಲಿ ಶುದ್ಧವೆಂದು, ಇಲ್ಲಿ ಅಪವಿತ್ರವೆಂದು ಹೇಳುವುದು ಯಾವ ನ್ಯಾಯ?

ರಾತ್ರಿಯಿಡೀ ಕುಣಿಯುವುದು ನಮ್ಮ ಸಂಸ್ಕೃತಿಯಲ್ಲ ಎಂಬ ಮಾತನ್ನಂತೂ ಮಂಡ್ಯ ಸೀಮೆಯವರು ಆಡಲೇಬಾರದು. ಮಂಟೇಸ್ವಾಮಿಯ ಕಥೆಗಳನ್ನು ನೀಲಗಾರರು, ಮಾದಪ್ಪನ ಕಥೆಗಳನ್ನು ದೇವರಗುಡ್ಡರು ಬೆಳಗಿನ ಜಾವದವರೆಗೆ ಹಾಡುವುದನ್ನು ಕೇಳಿ ಬೆಳೆದವರು ನಾವು. ರಂಗದ ಕುಣಿತಕ್ಕೆ, ಪೂಜಾ ಕುಣಿತಕ್ಕೆ ಹೊತ್ತು ಗೊತ್ತಿತ್ತೇ? 1234ರಲ್ಲಿ ಹರಿಹರ ದಂಡನಾಯಕ ಕಟ್ಟಿಸಿದ ನಮ್ಮೂರ ಮಲ್ಲಿಕಾರ್ಜುನ ದೇವಾಲಯದ ಹೊರಗೋಡೆಯಲ್ಲಿ ಹದಿನಾರು ತೋಳಿನ ಶಿವ ಇಂದಿಗೂ ಕುಣಿಯುತ್ತಲೇ ಇದ್ದಾನೆ.

ಹಾಗಾದರೆ ಆ ತಂದೆಯ ನೋವಿನ ಮೂಲ ಎಲ್ಲಿದೆ? “ನಮ್ಮ ವಂಶದೋರು ಬಾರ್ಸಕೆ ಹೋದೋರಲ್ಲ” ಎಂಬ ಮಾತಿನಲ್ಲಿದೆ. ತಮಟೆಯಿಲ್ಲದೆ ನಮ್ಮ ಹಬ್ಬ ನಡೆಯದು, ಹೆಣವೂ ಸಾಗದು. ಆದರೆ ತಮಟೆ ಬಾರಿಸಿದವನನ್ನು ನಾವು ಗುಡಿಯ ಹೊಸ್ತಿಲಿನಾಚೆ ನಿಲ್ಲಿಸಿದೆವು. ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಚಪ್ಪಾಳೆ ತಟ್ಟಿದ ಕೈಗಳೇ, ಮನೆಯ ಮಗ ಲಯದ ಕಸುಬು ಹಿಡಿದರೆ ಹಣೆ ಚಚ್ಚಿಕೊಳ್ಳುತ್ತವೆ. ಇದು ಸಂಸ್ಕೃತಿಯ ಕಾಳಜಿಯಲ್ಲ, ಹಳೆಯ ಮೇಲು-ಕೀಳಿನ ರೋಗ. 2008ರಲ್ಲಿ ಬೆಂಗಳೂರಿನ ಪೊಲೀಸರು ಪಬ್ಬುಗಳಲ್ಲಿ ಕುಣಿತವನ್ನು ತಡೆದಾಗ ಸರಿಯಾಯಿತು ಎಂದವರಲ್ಲಿ ನಾನೂ ಒಬ್ಬ. ಇಂದು ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಹಾಗೆಂದು ಎಲ್ಲವನ್ನೂ ಮೆಚ್ಚಿ ಬಂದೆನೆಂದು ತಿಳಿಯಬೇಡಿ. ವಸತಿ ಪ್ರದೇಶದಲ್ಲಿ ರಾತ್ರಿಯ ಶಬ್ದ 45 ಡೆಸಿಬೆಲ್ ಮೀರಬಾರದೆಂದು 2000ದ ನಿಯಮ ಹೇಳುತ್ತದೆ. ಪಬ್ಬಿನ ಹಿಂದಿನ ಬೀದಿಯಲ್ಲಿ ಮಲಗಿರುವ ಮುದುಕರ, ಹಸುಗೂಸುಗಳ ನಿದ್ದೆಗೂ ಹಕ್ಕಿದೆ. ಕಿವಿಯ ಲೆಕ್ಕವನ್ನೂ ಕೇಳಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದು ಎನ್ನುತ್ತಾರೆ ತಜ್ಞರು. ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ! ಶಿಷ್ಯ ಕಿವಿಗೆ ರಕ್ಷಣೆಯ ಬಿರಡೆ ಹಾಕಿಕೊಂಡಿದ್ದ, ನನಗೂ ಕೊಟ್ಟ. ಕುಣಿಯುತ್ತಿದ್ದ ಬಹುತೇಕರ ಕಿವಿ ಬರಿದಾಗಿತ್ತು. ಕುಡಿದು ವಾಹನದ ಕೀಲಿ ಹುಡುಕುತ್ತಿದ್ದವರನ್ನೂ ಕಂಡೆ, ಭಯವಾಯಿತು. ತಂದೆತಾಯಂದಿರು ಮಾತನಾಡಬೇಕಾದದ್ದು ಇವುಗಳ ಬಗ್ಗೆ. ಕುಣಿತವನ್ನೇ ಬೈದರೆ ಮಕ್ಕಳು ಈ ಹಿತವಚನಕ್ಕೂ ಕಿವಿ ಮುಚ್ಚಿಕೊಳ್ಳುತ್ತಾರೆ.

ಇನ್ನು ನನ್ನ ತಪ್ಪು. ಹೊರಗೆ ಬಂದು ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಹುಡುಗ ನಗುತ್ತಲೇ ಅಂದ: “ಸಾರ್, ಎಂಟನೇ ಕ್ಲಾಸಲ್ಲಿ ಬೆಂಚು ಬಾರಿಸ್ತೀನಿ ಅಂತ ನನ್ನ ಬೆರಳಿಗೆ ರೂಲುದೊಣ್ಣೇಲಿ ಹೊಡೆದಿದ್ರಿ. ಜ್ಞಾಪಕ ಇದೆಯಾ?” ನನಗೆ ಜ್ಞಾಪಕವಿರಲಿಲ್ಲ. ಹೊಡೆದವನು ಮರೆಯುತ್ತಾನೆ, ತಿಂದವನು ಮರೆಯುವುದಿಲ್ಲ. ಬಿ.ಎಡ್. ತರಗತಿಯಲ್ಲಿ ಮಗುವಿನ ಸಹಜ ಪ್ರವೃತ್ತಿಯ ಬಗ್ಗೆ ಪುಟಗಟ್ಟಲೆ ಬರೆದು ಅಂಕ ಪಡೆದವನು ನಾನು. ಕಣ್ಣೆದುರಿನ ಪ್ರವೃತ್ತಿಗೆ ಕೊಟ್ಟದ್ದು ಮಾತ್ರ ದೊಣ್ಣೆಯೇಟು. ಅಲ್ಲೇ ಅವನ ಕೈ ಹಿಡಿದು ಕ್ಷಮೆ ಕೇಳಿದೆ. ಅವನು ಮಾತು ಬದಲಿಸಿ, “ಅಪ್ಪ ಚೆನ್ನಾಗವ್ರಾ ಸಾರ್? ಮಂಡಿನೋವು ಹೆಂಗದೆ?” ಎಂದ.

ಮರುದಿನ ಊರಿಗೆ ಬಂದು ಆ ತಂದೆಗೆ ಹೇಳಿದೆ: “ಬುದ್ಧಿ ಹೇಳಲಿಕ್ಕೆ ಹೋದೆ, ಕಲಿತುಕೊಂಡು ಬಂದೆ. ನಿಮ್ಮ ಮಗ ದುಡಿದು ತಿನ್ನುತ್ತಿದ್ದಾನೆ, ನಿಮ್ಮ ಮಂಡಿನೋವು ಕೇಳಿದ.” ಅವರು ಏನೂ ಹೇಳದೆ ಎದ್ದು ಹೋದರು. ಅವರು ಈ ಬರಹವನ್ನು ಓದುವವರಲ್ಲ. ಆದರೆ ನಿಮ್ಮಲ್ಲಿ ಅನೇಕರು ಈಗ ತಂದೆತಾಯಂದಿರು. ಯಾವ ಮನೆಯಲ್ಲಾದರೂ ಇಂಥದೊಂದು ಮೌನವಿದ್ದರೆ, ಎರಡು ವರ್ಷ ಕಾಯಬೇಡಿ. ಇಂದೇ ಒಂದು ಫೋನು ಮಾಡಿರಿ.

ಮತ್ತು ನನ್ನಿಂದ ಬೆರಳಿಗೆ ಏಟು ತಿಂದವರು ಬೇರೆ ಯಾರಾದರೂ ಇದ್ದರೆ, ದಯವಿಟ್ಟು ತಿಳಿಸಿರಿ. ಅವರ ಕ್ಷಮೆಯನ್ನೂ ಕೇಳಬೇಕಾಗಿದೆ.